ಗ್ರಂಥಾಲಯದ ತಾರಸಿಯ ಮೇಲಿನ ಹುಣಸೆಹಣ್ಣು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗ್ರಂಥಪಾಲಕಿಯ ಫೋನ್ ಬಂತು. "ಮೇಡಂ, ನೀವು ಕಟ್ಟಿಸಿಕೊಟ್ಟ ಲೈಬ್ರರಿ ರೊಟ್ಟಿ ಹೆಂಚಿನಂಗೆ ಕಾಯ್ತಾ ಐತೆ. ಓದೋರೆಲ್ಲ ಎದ್ದು ಹೊಂಗೆ ಮರದ ಕೆಳಗೆ ಹೋಗಿ ಕೂತವ್ರೆ. ಒಂದ್ಸಲ ಬಂದು ನೋಡ್ತೀರಾ?" ಎಂದರು. ದೂರುವ ದನಿಯಲ್ಲ ಅದು, ಡಾಕ್ಟರನ್ನು ಕರೆಯುವವರ ದನಿ. ನಾನು ಆಗ ಶಿರಾದಲ್ಲಿ ಇನ್ನೊಂದು ಕಟ್ಟಡದ ಪಾಯ ನೋಡುತ್ತಾ ನಿಂತಿದ್ದೆ. ಆಕೆಯ ಮಾತನ್ನು ನಂಬಲು ಮನಸ್ಸಾಗಲಿಲ್ಲ. ಎಲ್ಲೋ ಕಿಟಕಿ ಮುಚ್ಚಿಕೊಂಡು ಕೂತಿರಬೇಕು ಎಂದುಕೊಂಡೆ. ಆದರೂ ಮರುದಿನ ಮಧುಗಿರಿ ಬಸ್ಸು ಹತ್ತಿದೆ.

ಕೊಡಿಗೇನಹಳ್ಳಿ ದಾಟಿ ಹಿಂದೂಪುರದ ಕಡೆಗೆ ಹೋದರೆ ಸಿಗುವ ಊರು ಅದು. ಹೆಸರು ಇಲ್ಲಿ ಬೇಡ. ಅಲ್ಲಿನ ಹಳೆಯ ಗ್ರಂಥಾಲಯ ಸಿಮೆಂಟ್ ಶೀಟಿನ ಒಂದೇ ಕೋಣೆಯಲ್ಲಿತ್ತು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಅಲ್ಲಿ ಕೂರುವುದು ಯಾರಿಂದಲೂ ಆಗುತ್ತಿರಲಿಲ್ಲ. ಕರೆಂಟ್ ಇದ್ದರೆ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು, ಇಲ್ಲದಿದ್ದರೆ ಅದೂ ಇಲ್ಲ. ಹೊಸ ಕಟ್ಟಡಕ್ಕೆ ಹಣ ಬಂದಾಗ ಅದರ ಜೊತೆ ಒಂದು ಷರತ್ತೂ ಬಂತು: ಕಟ್ಟಡ ತಾನಾಗಿಯೇ ತಂಪಾಗಿರಬೇಕು, ಹಗಲಿನಲ್ಲಿ ದೀಪ ಬೇಕಾಗಬಾರದು, ಏಸಿಯ ಮಾತು ಎತ್ತಬಾರದು. ಆ ಕೆಲಸ ನನ್ನ ಪಾಲಿಗೆ ಬಂತು.

ಇಂಥ ಕೆಲಸವೆಂದರೆ ನನಗೆ ಹುಚ್ಚು. ನಿವೇಶನ ಚಿಕ್ಕದಾದರೂ ಕಟ್ಟಡವನ್ನು ಪೂರ್ವ ಪಶ್ಚಿಮಕ್ಕೆ ಉದ್ದವಾಗಿ ಇಟ್ಟೆ. ಓದುವ ಮೇಜುಗಳೆಲ್ಲ ಉತ್ತರದ ಕಿಟಕಿಗಳ ಪಕ್ಕ. ನಮ್ಮ ಸೀಮೆಯಲ್ಲಿ ಮೇ ತಿಂಗಳಿನ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಅದನ್ನು ಮರೆತು ಉತ್ತರದ ಕಿಟಕಿಗಳಿಗೆ ನೆರಳಿನ ಸಜ್ಜೆಯನ್ನೇ ಬಿಡದ ಎಷ್ಟೋ ಕಟ್ಟಡಗಳನ್ನು ನೋಡಿ ಹೊಟ್ಟೆ ಉರಿಸಿಕೊಂಡವಳು ನಾನು, ಹಾಗಾಗಿ ಅಲ್ಲಿಯೂ ಸಜ್ಜೆ ಬಿಟ್ಟೆ. ಪಶ್ಚಿಮದ ಗೋಡೆಗೆ ಕಿಟಕಿಯೇ ಇಲ್ಲ. ಅಲ್ಲಿ ಪುಸ್ತಕದ ಬೀರುಗಳು, ಸಂಜೆ ಬಿಸಿಲನ್ನು ಅವು ತಡೆಯಲಿ ಎಂದು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ಹೊಟ್ಟೆಯಲ್ಲಿ ಪೊಳ್ಳು ಉಳಿಯುವಂತೆ ಕಟ್ಟಿಸಿದೆ. ತಾರಸಿಯ ಕಾಂಕ್ರೀಟಿನೊಳಗೆ ಮಂಗಳೂರು ಹೆಂಚುಗಳನ್ನು ಹುದುಗಿಸಿ ಸಿಮೆಂಟು, ಕಬ್ಬಿಣ ಎರಡನ್ನೂ ಉಳಿಸಿದೆ. ಸೂರಿನ ಕೆಳಗೆ ಬಿಸಿಗಾಳಿ ಹೊರಹೋಗಲು ಗವಾಕ್ಷಿಗಳು. ಫ್ಯಾನುಗಳಿಗೆಂದು ತಾರಸಿಯ ಒಂದು ಮೂಲೆಯಲ್ಲಿ ನಾಲ್ಕಾರು ಸೌರ ಫಲಕಗಳು. ಉಳಿದ ತಾರಸಿಗೆಲ್ಲ ಅಂಟು ಬೆರೆಸಿದ ಸುಣ್ಣವನ್ನು ಬಳಿಸಿದ್ದೆ. ಬೇಸಿಗೆಯಲ್ಲಿ ಕಟ್ಟಡದ ಮೇಲೆ ಬೀಳುವ ಬಿಸಿಲಿನ ದೊಡ್ಡ ಪಾಲು ಬೀಳುವುದು ತಾರಸಿಯ ಮೇಲೆ. ಅದು ಬೆಳ್ಳಗಿದ್ದರೆ ಬಿಸಿಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಗ್ರಂಥಾಲಯದ ಬಾಗಿಲು ತೆರೆದಾಗ ತಾರಸಿ ಕಣ್ಣು ಕೋರೈಸುವಷ್ಟು ಬೆಳ್ಳಗಿತ್ತು. ನಾನು ಅದರ ಫೋಟೊ ಹಿಡಿದುಕೊಂಡು ಊರೆಲ್ಲ ತೋರಿಸಿದ್ದೆ.

ಬಸ್ಸಿಳಿದು ಗ್ರಂಥಾಲಯಕ್ಕೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು. ಬಾಗಿಲು ದಾಟಿದ ಕೂಡಲೇ ತಲೆಯ ಮೇಲೆ ಯಾರೋ ಬಿಸಿ ಕೈ ಇಟ್ಟಂತಾಯಿತು. ಕಿಟಕಿಗಳೆಲ್ಲ ತೆರೆದೇ ಇದ್ದವು, ಫ್ಯಾನು ತಿರುಗುತ್ತಿತ್ತು. ಪಿಸ್ತೂಲಿನಂತೆ ಹಿಡಿದು ಗುರಿಯಿಟ್ಟರೆ ಶಾಖ ತೋರಿಸುವ ಸಾಧನವೊಂದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಗೋಡೆಗೆ ಹಿಡಿದೆ, ಸರಿಯಿತ್ತು. ಸೂರಿಗೆ ಹಿಡಿದೆ. ಜ್ವರ ಬಂದವರ ಮೈಗಿಂತ ಎಷ್ಟೋ ಹೆಚ್ಚು ತೋರಿಸಿತು. ಮತ್ತೊಮ್ಮೆ ಹಿಡಿದರೂ ಅಷ್ಟೇ.

"ಮೇಲೆ ಏನಾಗಿದೆ?" ಎಂದು ಕೇಳಿದೆ. ಗ್ರಂಥಪಾಲಕಿ ಕಿಟಕಿಯ ಕಡೆ ನೋಡಿದರು.

ಮೆಟ್ಟಿಲು ಹತ್ತಿ ಹೋದೆ. ನನ್ನ ಬಿಳಿಯ ತಾರಸಿ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಹುಣಸೆಹಣ್ಣು. ಸಿಪ್ಪೆ ಬಿಡಿಸಿದ್ದು ಒಂದು ಕಡೆ, ಬೀಜ ತೆಗೆದದ್ದು ಇನ್ನೊಂದು ಕಡೆ, ಕಂದು ಬಣ್ಣದ ಜಮಖಾನ ಹಾಸಿದಂತೆ. ಮೂರ್ನಾಲ್ಕು ಹೆಂಗಸರು ಫಲಕಗಳ ನೆರಳಿನಲ್ಲಿ ಕುಳಿತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. "ಬನ್ನಿ ಇಂಜಿನಿಯರಮ್ಮ, ಕುಂತ್ಕಳಿ. ನಿಮ್ದೇ ಮನೆ," ಎಂದು ಒಬ್ಬಾಕೆ ನಕ್ಕಳು. ನನಗೆ ನಗು ಬರಲಿಲ್ಲ. ಬಗ್ಗಿ ಒಂದಿಷ್ಟು ಹಣ್ಣು ಸರಿಸಿ ನೋಡಿದೆ. ಹಿತ್ತಾಳೆ ಸಾಮಾನು ಬೆಳಗುವ ಹುಳಿ ಸುಣ್ಣವನ್ನು ಬಿಡುತ್ತದೆಯೇ? ಸುಣ್ಣ ತೇಪೆ ತೇಪೆಯಾಗಿ ಕರಗಿಹೋಗಿ, ಕೆಳಗಿನ ಸಿಮೆಂಟು ಕಾಣುತ್ತಾ, ನೆಲವೆಲ್ಲ ಕೈಗೆ ಅಂಟುತ್ತಿತ್ತು.

ಕೋಪ ಬಂತು, ನಿಜ. ಆದರೆ ಆಶ್ಚರ್ಯವಾಯಿತು ಎಂದರೆ ಸುಳ್ಳಾಗುತ್ತದೆ. ನಮ್ಮ ಹೊಳವನಹಳ್ಳಿಯಲ್ಲೂ ಬೇಸಿಗೆಯಲ್ಲಿ ಸಮತಟ್ಟಾದ ತಾರಸಿ ಎಂದರೆ ಊರವರ ಒಣಹಾಕುವ ಜಾಗ. ಶಾಲೆಯದೋ ಡೇರಿಯದೋ ಎಂದು ಯಾರೂ ಕೇಳುವುದಿಲ್ಲ, ಏರಲು ಮೆಟ್ಟಿಲಿದ್ದರೆ ಸಾಕು. ಫಲಕಗಳ ಧೂಳು ಒರೆಸಲೆಂದು ಹೊರಗಿನಿಂದ ಒಂದು ಒಳ್ಳೆಯ ಮೆಟ್ಟಿಲನ್ನು ನಕ್ಷೆಯಲ್ಲಿ ನಾನೇ ಬರೆದಿದ್ದೆ, ಬಾಗಿಲಿಲ್ಲದ ಮೆಟ್ಟಿಲು. ಊರವರು ಅದನ್ನು ತಮಗೆಂದೇ ಕಟ್ಟಿದ್ದು ಎಂದುಕೊಂಡರೆ ತಪ್ಪೇನು?

ಕೆಳಗಿಳಿದು ಬಂದಾಗ ಓದುವ ಕೋಣೆಯಲ್ಲಿ ಒಬ್ಬಳೇ ಒಬ್ಬಳು ಉಳಿದಿದ್ದಳು. ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು, ಮೂಲೆಯಿಂದ ಎರಡನೆಯ ಕಿಟಕಿಯ ಬಳಿ ಕುಳಿತು ಲೆಕ್ಕ ಬಿಡಿಸುತ್ತಿದ್ದಳು. ಗ್ರಂಥಪಾಲಕಿ ದನಿ ತಗ್ಗಿಸಿ ಹೇಳಿದರು: "ಪೊಲೀಸ್ ಪರೀಕ್ಷೆಗೆ ಓದ್ತಾ ಅವ್ಳೆ. ಮೇ ತಿಂಗಳಲ್ಲಿ ಬರೀಬೇಕು. ಇದೇ ಕೊನೆ ಸಲ ಮೇಡಂ, ಆಮೇಲೆ ವಯಸ್ಸು ಮೀರ್ತದೆ. ಬೆಳಗ್ಗೆ ಸ್ಕೂಲ್ ಬಯಲಲ್ಲಿ ಓಡ್ತಾಳೆ, ಸಂಜೆ ಮನೆಕೆಲ್ಸ, ರಾತ್ರಿ ಅವ್ವನ ಜೊತೆ ಹುಣಸೆಹಣ್ಣು ಬಿಡಿಸ್ತಾಳೆ. ಓದಕ್ಕೆ ಸಿಗೋದು ಈ ಮಧ್ಯಾಹ್ನ ಒಂದೇ. ಮನೇಲಿ ಶೀಟು, ಅಲ್ಲಿ ಆಗಲ್ಲ."

"ಅವಳ ಅವ್ವ?"

"ಮೇಲೆ ನಿಮ್ಮನ್ನ ಕುಂತ್ಕಳಿ ಅಂದ್ರಲ್ಲ, ಅವ್ರೇ."

ಅಷ್ಟರಲ್ಲಿ ಪಂಚಾಯಿತಿ ಅಧ್ಯಕ್ಷರು ಬಂದರು. ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಕಡಿಮೆ. "ಮೇಡಂ, ನಿಮ್ಮ ತಂಪು ಲೈಬ್ರರಿ ನೋಡಿ ಜನ ನಗ್ತಾ ಅವ್ರೆ. ಬೇಸಿಗೆ ಮುಗಿಯೋವರೆಗೂ ಮಧ್ಯಾಹ್ನ ಬಾಗ್ಲು ಹಾಕಿಸ್‌ಬುಡ್ತೀನಿ. ಬೆಳಗ್ಗೆ, ಸಂಜೆ ತೆಗೆದ್ರೆ ಸಾಕು," ಎಂದರು. ಆ ಹುಡುಗಿ ತಲೆಯೆತ್ತಿ ಅವರನ್ನೂ ನನ್ನನ್ನೂ ನೋಡಿದಳು.

"ಯುಗಾದಿವರೆಗೆ ಸಮಯ ಕೊಡಿ," ಎಂದೆ. "ಅಷ್ಟರೊಳಗೆ ತಂಪಾಗದಿದ್ದರೆ ನೀವೇ ಬೀಗ ಹಾಕಿ."

ನನಗೆ ತೋಚಿದ ಪರಿಹಾರ ಯಾರಿಗಾದರೂ ತೋಚುವಂಥದ್ದು. ಮೆಟ್ಟಿಲ ಮೇಲ್ತುದಿಗೆ ಕಬ್ಬಿಣದ ಗೇಟು, ಅದಕ್ಕೆ ಬೀಗ. ಹಣ್ಣು ಇಳಿಸಿ, ತಾರಸಿ ಉಜ್ಜಿ ತೊಳೆದು, ಮತ್ತೆ ಸುಣ್ಣ. ಗೇಟು ಕೂರಿಸುವ ದಿನ ಆ ಹುಡುಗಿಯ ತಾಯಿ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನೆದುರು ನಿಂತಳು.

"ಬೀಗ ಹಾಕಿಸ್ತೀರಂತೆ? ನಾವೇನು ಮೇಲೆ ನಾಟಕ ಆಡ್ತಿದ್ವಾ?"

"ಕೆಳಗೆ ಓದೋರಿಗೆ ಸೆಕೆ ಆಗುತ್ತಮ್ಮ. ನಿಮ್ಮ ಮಗಳಿಗೂ ಆಗುತ್ತೆ."

"ಒಣಗಿಸದೆ ಇಟ್ರೆ ಹುಳ ಬೀಳ್ತದೆ ಕಣಮ್ಮ. ಎಲ್ಲಿ ಹಾಕ್ಲಿ?"

"ಊರಾಚೆ ಬಂಡೆ ಇದೆಯಲ್ಲ."

"ಬಂಡೆ ಮೇಲೆ ಹಾಕಿದ್ರೆ ಕೋತಿ, ಮ್ಯಾಕೆ. ಇಲ್ಲಾದ್ರೆ ಮ್ಯಾಕೆ ಬರಲ್ಲ, ಕೋತಿ ಬಂದ್ರೆ ಕೆಳಗಿಂದ ಯಾರಾನ ಓಡಿಸ್ತಾರೆ. ಅಲ್ಲಿ ದಿನವೆಲ್ಲ ಒಬ್ರು ಕಾಯ್ಬೇಕು. ಯಾರು ಕಾಯ್ತಾರೆ?"

ಅದಕ್ಕೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ ಎಂದು ಹೇಳಿ ನಾನು ವೆಲ್ಡಿಂಗ್ ಮಾಡುವವನ ಕಡೆ ತಿರುಗಿದೆ. ಆಕೆ ಮಂಕರಿ ತುಂಬತೊಡಗಿದಳು.

ಸುಣ್ಣ ಒಣಗಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ಬಂದೆ. ಸಾಧನವನ್ನು ಸೂರಿಗೆ ಹಿಡಿದಾಗ ನನ್ನ ಲೆಕ್ಕದಲ್ಲಿದ್ದ ಅಂಕಿಯೇ ಬಂತು. ಹೊಂಗೆ ಮರದ ಕೆಳಗೆ ಹೋಗಿದ್ದವರು ಒಳಗೆ ಬಂದು ಕುಳಿತಿದ್ದರು. ಪತ್ರಿಕೆ ಓದುವ ಹಿರಿಯರೊಬ್ಬರು ಮುಖದ ಮೇಲೆ ಪತ್ರಿಕೆಯನ್ನೇ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಬಿರುಬೇಸಿಗೆಯ ಮಧ್ಯಾಹ್ನ ಮನುಷ್ಯ ಕುರ್ಚಿಯಲ್ಲೇ ಹಾಗೆ ನಿದ್ದೆ ಹೋದನೆಂದರೆ ಕಟ್ಟಡ ಪಾಸಾಯಿತು ಎಂದೇ ಅರ್ಥ. ಹಿಗ್ಗಿನಿಂದ ಸುತ್ತಲೂ ನೋಡಿದೆ. ಎರಡನೆಯ ಕಿಟಕಿಯ ಬಳಿ ಕುರ್ಚಿ ಖಾಲಿ ಇತ್ತು.

"ಅವಳೆಲ್ಲಿ?" ಎಂದೆ.

"ಬಂಡೆ ಕಾಯಕ್ಕೆ ಹೋಗವ್ಳೆ ಮೇಡಂ," ಎಂದರು ಗ್ರಂಥಪಾಲಕಿ. "ಬೀಗ ಬಿದ್ದಾಗಿಂದ ಇತ್ಲಾಗೆ ಬಂದಿಲ್ಲ."

ಬಿಸಿಲಲ್ಲೇ ನಡೆದು ಹೋದೆ. ಊರ ಆಚೆ ಆನೆಯ ಬೆನ್ನಿನಂಥ ಬಂಡೆ. ಅದರ ಮೇಲೆ ಅಲ್ಲಲ್ಲಿ ಹಣ್ಣು ಹರಡಿತ್ತು. ಒಂದು ಬದಿಯಲ್ಲಿ ಅವಳು ಛತ್ರಿಯನ್ನು ಹೆಗಲಿಗೆ ಆನಿಸಿಕೊಂಡು ಕುಳಿತಿದ್ದಳು. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಕೋಲು. ನಾನು ಹತ್ತಿರ ಹೋಗುವಷ್ಟರಲ್ಲಿ ಎರಡು ಸಲ ಎದ್ದು ಕೋತಿಗಳನ್ನು ಓಡಿಸಿದಳು. ಮುಖ ಕಪ್ಪಾಗಿ ತುಟಿ ಒಡೆದಿತ್ತು.

"ಇಲ್ಲಿ ಓದಕ್ಕಾಗುತ್ತೇನಮ್ಮ?"

"ಒಂದ್ ಪುಟ ಓದೋದು, ಒಂದ್ ಕೋತಿ ಓಡ್ಸೋದು ಮೇಡಂ," ಎಂದು ನಗಲು ನೋಡಿದಳು. ಆಮೇಲೆ ಮೆಲ್ಲಗೆ, "ಅವ್ವ ಮನೇಲಿ ಕುಟ್ಟಬೇಕು. ಇಬ್ರಲ್ಲಿ ಒಬ್ರು ಇಲ್ಲಿರಲೇಬೇಕಲ್ಲ," ಎಂದಳು.

ನಾನು ಮಾಡಿದ್ದು ಆಗ ನನಗೆ ಅರ್ಥವಾಯಿತು. ಕೋಣೆಯನ್ನು ತಂಪು ಮಾಡಿ, ಆ ತಂಪು ಯಾರಿಗೆ ಬೇಕಿತ್ತೋ ಅವಳನ್ನು ಬಂಡೆಯ ಮೇಲೆ ತಂದು ಕೂರಿಸಿದ್ದೆ. ತುಂಬಾ ನಾಚಿಕೆಯಾಯಿತು. ಅಧ್ಯಕ್ಷರು ಬಾಗಿಲು ಹಾಕಿಸಿದ್ದರೂ ಅವಳಿಗೆ ಇಷ್ಟು ಅನ್ಯಾಯ ಆಗುತ್ತಿರಲಿಲ್ಲ. ಪರೀಕ್ಷೆಗೆ ಇನ್ನು ತಿಂಗಳೊಂದೂವರೆ ಉಳಿದಿತ್ತು.

ಅವಳ ಮುಖ ನೋಡಲಾಗದೆ ಹಣ್ಣಿನ ಕಡೆ ತಿರುಗಿದೆ. ಬಂಡೆಯ ಮೇಲೆ ಹಳೆಯದೊಂದು ಹಗ್ಗದ ಮಂಚವೂ ಇತ್ತು. ಮೇಕೆಗಳಿಗೆ ಸುಲಭಕ್ಕೆ ಸಿಗದಿರಲಿ ಎಂದು ಒಳ್ಳೆಯ ಹಣ್ಣನ್ನು ಅದರ ಮೇಲೆ ಗೋಣಿತಾಟು ಹಾಸಿ ಹರಡಿದ್ದರು. ಮಂಚದ ಕೆಳಗೆ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಕಾಲಿಟ್ಟರೆ ಚಪ್ಪಲಿಯ ಅಟ್ಟೆ ಸುಡುವ ಬಂಡೆಯ ಮೇಲೆ ಅದು ಹೇಗೆ ಮಲಗಿದೆ? ಚೀಲದಿಂದ ಸಾಧನ ತೆಗೆದು ಬಿಸಿಲಿನ ಬಂಡೆಗೆ ಹಿಡಿದೆ, ಮಂಚದ ಕೆಳಗಿನ ಬಂಡೆಗೆ ಹಿಡಿದೆ. ನಡುವೆ ಅಜಗಜಾಂತರ. ನಂಬದೆ ಕುಕ್ಕರಗಾಲಿನಲ್ಲಿ ಕುಳಿತು ನಾಯಿಯ ಪಕ್ಕ ಅಂಗೈ ಊರಿದೆ. ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದಾಗಿತ್ತು. ನಾಯಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಹಣ್ಣು ತಾರಸಿಯ ಮೇಲೆ ಬಿದ್ದುಕೊಂಡರೆ ಅದು ಬಿಸಿಲನ್ನು ಕುಡಿದು ಕೆಳಕ್ಕೆ ಇಳಿಸುತ್ತದೆ. ಅದೇ ಹಣ್ಣು ಎತ್ತರದಲ್ಲಿದ್ದು, ಕೆಳಗೆ ಗಾಳಿ ಆಡಿದರೆ ಅದೇ ನೆರಳಾಗುತ್ತದೆ. ಕೊಡೆ ಹಿಡಿದ ಹಾಗೆ ತಾರಸಿಗೆ ಇನ್ನೊಂದು ತಾರಸಿ. ಓದಿನಲ್ಲಿ, ಕೆಲಸದಲ್ಲಿ ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಸೌರ ಫಲಕಗಳ ಕೆಳಗಿನ ಸೂರು ತಂಪಾಗಿರುವುದನ್ನು ನಾನೇ ಅಳೆದಿದ್ದೆ. ಇಡೀ ತಾರಸಿಗೆ ಫಲಕ ಹಾಕಿಸುವಷ್ಟು ಹಣ ಇಲ್ಲವೆಂದು ಆ ಯೋಚನೆಯನ್ನೇ ಕೈಬಿಟ್ಟಿದ್ದೆ. ಹುಣಸೆಹಣ್ಣಿಗೆ ಆ ಕೆಲಸ ವಹಿಸಬಹುದೆಂದು ಹೊಳೆದಿರಲಿಲ್ಲ.

ಅಲ್ಲಿಂದ ನೇರ ಗ್ರಂಥಾಲಯಕ್ಕೆ ಬಂದು ಬೀಗ ತೆಗೆಸಿದೆ. ಗ್ರಂಥಪಾಲಕಿಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕುಳಿತೆ. ಮೊದಲು ಕಲ್ಲುಚಪ್ಪಡಿ ಎಂದುಕೊಂಡೆ. ಈ ಕಡೆ ಹೊಲಕ್ಕೆ ಬೇಲಿ ಹಾಕುವುದೂ ಕಲ್ಲುಕಂಬದಲ್ಲೇ, ಕಲ್ಲಿಗೇನು ಬರವಿಲ್ಲ. ಗಿಡ್ಡ ಕಂಬ ನಿಲ್ಲಿಸಿ ಚಪ್ಪಡಿ ಹಾಸಿದರೆ ಮೂರು ತಲೆಮಾರು ಬಾಳಿಕೆ ಬರುತ್ತದೆ. ಆದರೆ ಭಾರದ ಲೆಕ್ಕ ಹಾಕಿದಾಗ ಕೈಚೆಲ್ಲಬೇಕಾಯಿತು. ಹೆಂಚು ಹುದುಗಿಸಿದ ನನ್ನ ತಾರಸಿ ಜನ ಓಡಾಡುವ ಭಾರಕ್ಕೆ ಸಾಕು, ಇಷ್ಟು ಕಲ್ಲು ಹೊರುವುದಿಲ್ಲ. ಸಿಮೆಂಟು ಉಳಿಸಿದೆನೆಂದು ಬೀಗಿದ್ದು ಈಗ ಅಡ್ಡ ಬಂತು. ಕೊನೆಗೆ ಬಿದಿರಿಗೆ ಇಳಿದೆ. ಸೊಂಟದೆತ್ತರದ ಪೈಪಿನ ಕಾಲುಗಳು, ಅವುಗಳ ಮೇಲೆ ಬಿದಿರಿನ ಅಟ್ಟಣೆ, ಅದರ ಮೇಲೆ ಗೋಣಿತಾಟು ಅಥವಾ ಚಾಪೆ. ಹಣ್ಣು ಅದರ ಮೇಲೆ. ಹೆಂಗಸರು ಬಗ್ಗಿ ಬಗ್ಗಿ ತಿರುವಬೇಕಾಗಿಲ್ಲ, ಕೆಳಗಿಂದಲೂ ಗಾಳಿಯಾಡಿ ಹಣ್ಣು ಬೇಗ ಒಣಗುತ್ತದೆ, ಹುಳಿ ಸುಣ್ಣಕ್ಕೆ ತಾಗುವುದಿಲ್ಲ.

ಅಧ್ಯಕ್ಷರಿಗೆ ವಿವರಿಸಿದಾಗ ಅವರು ಹಣೆ ಚಚ್ಚಿಕೊಂಡರು. "ಏನ್ ಮೇಡಂ ನೀವು? ಹೋದ ವಾರ ಹಣ್ಣು ಇಳಿಸಿ ಅಂದ್ರಿ, ಈಗ ಹಣ್ಣಿಗೆ ಮಂಚ ಮಾಡ್ಸಿ ಅಂತೀರ. ಸರ್ಕಾರಿ ಕಟ್ಟಡದ ಮೇಲೆ ಹುಣಸೆಹಣ್ಣಿಗೆ ಅಟ್ಟ ಹಾಕ್ಸಿದ ಅಧ್ಯಕ್ಷ ಅಂತ ನನ್ನ ಆಡ್ಕಳಲ್ವಾ?"

"ಹುಣಸೆಹಣ್ಣಿನ ಅಟ್ಟ ಅಂತ ಯಾರು ಹೇಳಿದ್ದು? ತಾರಸಿಗೆ ನೆರಳಿನ ಚಪ್ಪರ. ನಕ್ಷೆಯಲ್ಲಿ ಹಾಗೇ ಬರೆದಿದ್ದೀನಿ."

ಅವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಪ್ಪರದ ಮೇಲೆ ಹಣ್ಣು ಬಂದು ಕುಂತ್ರೆ ನಾನೇನ್ ಮಾಡಕ್ಕಾಗಲ್ಲ, ಅಲ್ವಾ?" ಎಂದರು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು.

ಮಧುಗಿರಿಯಿಂದ ಬಿದಿರು ಬಂತು. ಮೊದಲ ಅಟ್ಟಣೆ ನಿಲ್ಲಿಸಿದ ಸಂಜೆಯೇ ಗುಡುಗು, ಧೂಳುಗಾಳಿ. ಮಳೆ ನಾಲ್ಕು ಹನಿ ಉದುರಿಸಿ ಹೋಯಿತು, ಆದರೆ ಗಾಳಿ ಅಟ್ಟಣೆಯನ್ನು ಎತ್ತಿ ಮಗುಚಿಹಾಕಿತು. ಒಂದು ಕಾಲು ಸೌರ ಫಲಕಕ್ಕೆ ಬಡಿದು ಗಾಜು ಬಿರುಕುಬಿಟ್ಟಿತು. ಮೇಲೆ ಇನ್ನೂ ಹಣ್ಣು ಹಾಕಿರಲಿಲ್ಲ, ಯಾರೂ ಇರಲಿಲ್ಲ, ಅದೇ ಪುಣ್ಯ. ತಾರಸಿಗೆ ಬೋಲ್ಟು ಹೊಡೆಯೋಣವೆಂದರೆ ಮಳೆಗಾಲದಲ್ಲಿ ಪುಸ್ತಕದ ಮೇಲೆ ಸೋರುತ್ತದೆ. ಯೋಚಿಸಿ ಯೋಚಿಸಿ, ಖಾಲಿ ಪೇಂಟ್ ಡಬ್ಬಿಗಳನ್ನು ತರಿಸಿ, ಪ್ರತಿ ಕಾಲನ್ನೂ ಒಂದೊಂದು ಡಬ್ಬಿಯಲ್ಲಿ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿದೆ. ಡಬ್ಬಿಗಳನ್ನು ಗೋಡೆ ಮತ್ತು ತೊಲೆಗಳ ನೇರಕ್ಕೇ ಇರಿಸಿ, ಅಟ್ಟಣೆಯ ನಾಲ್ಕು ಮೂಲೆಗಳನ್ನು ಪ್ಯಾರಾಪೆಟ್ ಗೋಡೆಗೆ ತಂತಿಯಲ್ಲಿ ಬಿಗಿಸಿದೆ. ಮುಂದಿನ ಗಾಳಿಗೆ ಅದು ಕದಲಲಿಲ್ಲ. ಆದರೆ ಒಡೆದ ಫಲಕಕ್ಕೆ, ಡಬ್ಬಿ ತಂತಿಗಳಿಗೆ ಖರ್ಚಾಗಿ, ಉಳಿದ ಸಾಮಾನಿನಲ್ಲಿ ತಾರಸಿಯ ಅರ್ಧದಷ್ಟಕ್ಕೆ ಮಾತ್ರ ಅಟ್ಟಣೆ ಸಾಲುವಂತಾಯಿತು. ಉಳಿದರ್ಧ ಮುಂದಿನ ವರ್ಷಕ್ಕೆ.

ಯಾವ ಅರ್ಧ ಎಂದು ನಾನು ಪಶ್ಚಿಮದಿಂದ ಅಳತೆ ಹಿಡಿಯುತ್ತಿದ್ದಾಗ ಆ ತಾಯಿ ಮೆಟ್ಟಿಲು ಹತ್ತಿ ಬಂದಳು. ಬೀಗದ ಮಾತಾದ ಮೇಲೆ ನಾವಿಬ್ಬರೂ ಎದುರಾಗಿರಲಿಲ್ಲ. ನಾನೇ ಮೊದಲು ಮಾತಾಡಿದೆ. ಅಟ್ಟಣೆಯ ಮೇಲೆ ಹಣ್ಣು ಹಾಕಿದರೆ ಕೆಳಗೆ ತಂಪಾಗುತ್ತದೆ, ಹಾಕದಿದ್ದ ಕಡೆ ಬರೀ ಸುಣ್ಣವೇ ಗತಿ ಎಂದು ಹೇಳಿದೆ. ಆಕೆ ಬಿದಿರನ್ನು ಒತ್ತಿ ನೋಡಿದಳು, ತಾರಸಿಯ ಆ ತುದಿ ಈ ತುದಿ ನೋಡಿದಳು.

"ಇದ್ರ ಕೆಳಗೆ ನಮ್ಮುಡುಗಿ ಎಲ್ಲಿ ಕುಂತ್ಕತಾಳೆ?" ಎಂದಳು.

ಮೇಲಿಂದ ಹೇಳುವುದು ಕಷ್ಟ. "ಬನ್ನಿ, ತೋರಿಸ್ತೀನಿ," ಎಂದೆ.

ಕೆಳಗೆ ಬಂದರೆ ಬಾಗಿಲ ಬಳಿಯೇ ನಿಂತುಬಿಟ್ಟಳು. ಇಷ್ಟು ದಿನ ತಾರಸಿ ಹತ್ತಿ ಇಳಿದರೂ ಆಕೆ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. "ಬ್ಯಾಡ ಕಣಮ್ಮ, ಕೈ ಕಾಲೆಲ್ಲ ಅಂಟು. ಓದೋ ಜಾಗ," ಎಂದಳು. ಗ್ರಂಥಪಾಲಕಿ ಎದ್ದು ಬಂದು, "ಅಕ್ಕಾ, ನೆಲ ಒರೆಸೋಳು ನಾನೇ, ಬಾ," ಎಂದು ಕೈಹಿಡಿದು ಕರೆದುಕೊಂಡರು. ಆ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು, ಮೇಜು ಕುರ್ಚಿಗಳಿಗೆ ಸೀರೆ ತಾಗದಂತೆ ಹಿಡಿದುಕೊಂಡು, ಎರಡನೆಯ ಕಿಟಕಿಯವರೆಗೆ ಬಂದಳು. ಖಾಲಿ ಕುರ್ಚಿಯನ್ನು ನೋಡಿದಳು. ಅದರ ಮೇಲಿನ ಸೂರನ್ನು ನೋಡಿದಳು. ಆಮೇಲೆ ಅಲ್ಲಿಂದ ಗೋಡೆಯವರೆಗೆ ಹೆಜ್ಜೆ ಅಳೆದುಕೊಂಡು ಹೋಗಿ, ಹೊರಗಿನಿಂದ ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಹೋದೆ. ತಾರಸಿಯ ಮೇಲೆ ಅಷ್ಟೇ ಹೆಜ್ಜೆ ಎಣಿಸಿ ನಿಂತು, ಕಾಲಿನಿಂದ ನೆಲ ತಟ್ಟಿ, "ಇಲ್ಲಿಂದ ಶುರು ಮಾಡಿ," ಎಂದಳು.

ಪಶ್ಚಿಮದ ಅರ್ಧಕ್ಕೆ ಹಾಕಿದ್ದರೆ ಪುಸ್ತಕದ ಬೀರುಗಳಿಗೆ ಒಳ್ಳೆಯದಾಗುತ್ತಿತ್ತು. ನನ್ನ ಲೆಕ್ಕ ಅದನ್ನೇ ಹೇಳುತ್ತಿತ್ತು. ಆದರೆ ಬಿಸಿ ಸೂರು ತನ್ನ ಕೆಳಗೆ ಕುಳಿತವರ ತಲೆಯನ್ನೇ ಮೊದಲು ಕಾಯಿಸುತ್ತದೆ ಎನ್ನುವುದೂ ನಿಜ, ಕುಳಿತವರು ಇರುವುದು ಉತ್ತರದ ಕಿಟಕಿಗಳ ಉದ್ದಕ್ಕೆ. ಲೆಕ್ಕದ ಹಾಳೆಯನ್ನು ಮಡಿಸಿಟ್ಟೆ. ಆಕೆ ಕಾಲು ತಟ್ಟಿದ ಜಾಗದಿಂದಲೇ, ಉತ್ತರದ ಅಂಚಿನ ಉದ್ದಕ್ಕೆ, ಅಟ್ಟಣೆ ಶುರುವಾಯಿತು.

ಯುಗಾದಿ ಕಳೆದ ಮೇಲೆ ಹಣ್ಣು ಮೇಲೆ ಬಂತು, ಹುಡುಗಿ ಒಳಗೆ ಬಂದಳು. ಆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹೋಗಿ ಅಳೆಯುತ್ತಿದ್ದೆ. ಅಟ್ಟಣೆಯ ಕೆಳಗಿನ ಸೂರು ಬರೀ ಸುಣ್ಣದ ಸೂರಿಗಿಂತಲೂ ತಂಪಾಗಿತ್ತು. ಹುಣಸೆಹಣ್ಣಿನ ಕಾಲ ಮುಗಿದು ಒಣಗಿದ್ದೆಲ್ಲ ವ್ಯಾಪಾರಿಗೆ ಹೋದ ಮೇಲೆ ಅಟ್ಟಣೆ ಬರಿದಾಗುತ್ತದಲ್ಲ, ಮೇ ತಿಂಗಳಿಗೆ ಏನು ಮಾಡುವುದು ಎಂಬ ಚಿಂತೆ ನನಗಿತ್ತು. ಒಂದು ದಿನ ಹೋಗಿ ನೋಡಿದರೆ ಆ ತಾಯಿ ಮನೆಯಲ್ಲಿದ್ದ ಈಚಲು ಚಾಪೆಗಳನ್ನೂ ಹಳೆಯ ಗೋಣಿಚೀಲಗಳನ್ನೂ ತಂದು, ಎರಡನೆಯ ಕಿಟಕಿಯ ನೇರಕ್ಕೆ ಎರಡು ಪದರ ಹಾಸಿ, ಹಾರಿಹೋಗದಂತೆ ಹುರಿಯಲ್ಲಿ ಕಟ್ಟಿದ್ದಳು. ಮಗಳು ಕೆಳಗೆ ಟವೆಲ್ ಇಲ್ಲದೆ ಕುಳಿತು ಬರೆಯುತ್ತಿದ್ದಳು. ಪರೀಕ್ಷೆಯ ಹಿಂದಿನ ಮಧ್ಯಾಹ್ನದವರೆಗೂ ಅವಳು ಒಂದು ದಿನ ತಪ್ಪಿಸಲಿಲ್ಲವಂತೆ.

ಅದಾದ ಮೇಲೆ ನನಗೆ ಪಾವಗಡದ ಕಡೆ ಕೆಲಸ ಬಂತು. ಈ ಊರಿಗೆ ಮತ್ತೆ ಬಂದದ್ದು ಮುಂದಿನ ಬೇಸಿಗೆಯಲ್ಲಿ, ಉಳಿದರ್ಧ ಅಟ್ಟಣೆಯ ಅಳತೆ ಹಿಡಿಯಲು. ಬಸ್ಸಿಳಿದು ಕಾಗದ ಜೆರಾಕ್ಸ್ ಮಾಡಿಸಲೆಂದು ನಿಲ್ದಾಣದ ಅಂಗಡಿಗೆ ಹೋದರೆ ಯಂತ್ರದ ಹಿಂದೆ ಅವಳೇ ನಿಂತಿದ್ದಳು. ಕೇಳಬೇಕೋ ಬೇಡವೋ ಎಂದು ನಾನು ತಡವರಿಸುತ್ತಿದ್ದಾಗ ಅವಳೇ ಹೇಳಿದಳು.

"ಆಗ್ಲಿಲ್ಲ ಮೇಡಂ. ಲಿಸ್ಟಲ್ಲಿ ಹೆಸರು ಬರ್ಲಿಲ್ಲ."

"ಅಯ್ಯೋ," ಎಂದೆ.

"ಹಿಂದಿನ ಎರಡು ಸಲನೂ ಸೆಕೆಗೆ ಓದಕ್ಕಾಗಲಿಲ್ಲ, ಅದಕ್ಕೇ ಹೋಯ್ತು ಅಂತ ಅಂದ್ಕೊಂಡಿದ್ದೆ. ಈ ಸಲ ಅಂಗೆ ಹೇಳಕ್ಕಾಗಲ್ಲ. ಚೆನ್ನಾಗಿ ಕುಂತು ಓದಿದೆ, ಆದ್ರೂ ಆಗ್ಲಿಲ್ಲ," ಎಂದಳು. ಕಾಗದಗಳನ್ನು ಅಂಚು ಸರಿಮಾಡಿ ನನ್ನ ಕೈಗಿಟ್ಟಳು. "ಒಂದ್ ರೀತಿ ನೆಮ್ಮದಿ ಮೇಡಂ. ಅಳು ಬಂತು, ಆದ್ರೆ ಯಾರನ್ನೂ ಬೈಕೊಳ್ಳೋ ಅಂಗಿರ್ಲಿಲ್ಲ."

ಗ್ರಂಥಾಲಯದ ಕಡೆ ನಡೆದೆ. ಕಟ್ಟಡ ಕಟ್ಟುವವರು ಕೋಣೆಯನ್ನು ತಂಪು ಮಾಡಬಹುದು, ಅದರಾಚೆಯದು ನಮ್ಮ ಕೈಯಲ್ಲಿಲ್ಲ. ಗೊತ್ತಿದ್ದರೂ ಮನಸ್ಸು ಒಪ್ಪಲಿಲ್ಲ. ಆ ಹುಡುಗಿ ಖಾಕಿ ತೊಟ್ಟು ಎದುರು ಬರುತ್ತಾಳೆಂದೇ ನಾನು ವರ್ಷವಿಡೀ ಅಂದುಕೊಂಡಿದ್ದೆ.

ಅಂದು ಮಧ್ಯಾಹ್ನ ತಾರಸಿ ಹತ್ತಿದಾಗ ಹುಣಸೆಹಣ್ಣಿನ ಕಾಲ ಮುಗಿದಿತ್ತು. ಅಟ್ಟಣೆಗಳೆಲ್ಲ ಬರಿದಾಗಿದ್ದವು. ಆ ತಾಯಿ ಒಬ್ಬಳೇ, ಚಾಪೆಯ ಹುರಿಯನ್ನು ಬಿದಿರಿಗೆ ಬಿಗಿಯುತ್ತಿದ್ದಳು. ಎರಡನೆಯ ಕಿಟಕಿಯ ನೇರಕ್ಕೇ. ಫಲಿತಾಂಶ ಈಕೆಗೆ ತಿಳಿದಿಲ್ಲವೋ ಏನೋ ಎಂದುಕೊಂಡೆ.

"ಅಮ್ಮಾ, ಮಗಳು ಈಗ ಇಲ್ಲಿಗೆ ಬರೋದಿಲ್ಲವಲ್ಲ," ಎಂದೆ, ಆದಷ್ಟು ಮೆತ್ತಗೆ.

"ಊಂ ಕಣಮ್ಮ. ಅಂಗಡಿಗೆ ಹೋಗ್ತಾಳೆ. ನಾನೇ ಬುತ್ತಿ ಕಟ್ಟಿ ಕಳಿಸ್ತೀನಿ."

"ಮತ್ತೆ ಇದು?"

ಆಕೆ ಹುರಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಗಂಟು ಬಿಗಿದಳು. "ಕೆಳಗೆ ಯಾರ ಮಗಳೋ ಒಬ್ಳು ಕುಂತಿರ್ತಾಳಲ್ಲ," ಎಂದು ಹೇಳಿ ಮುಂದಿನ ಚಾಪೆ ಬಿಚ್ಚಿದಳು. ನಾನು ಅದರ ಇನ್ನೊಂದು ತುದಿ ಹಿಡಿದುಕೊಂಡೆ.